ಮುಳುಗಿ ಎದ್ದವರಿಗೆಲ್ಲ ಒತ್ತಡದ ಕೋಣೆ ಬೇಕೆ?

ನಮ್ಮ ಥಾಣೆ, ಡೊಂಬಿವಿಲಿ, ಕಲ್ಯಾಣ್ ಕಡೆಯ ಹುಡುಗರಿಗೆ ಈಚೆಗೆ ಹೊಸ ಹುಚ್ಚೊಂದು ಹತ್ತಿದೆ ನೋಡಿ. ಶುಕ್ರವಾರ ರಾತ್ರಿ ಕೊಂಕಣ ರೈಲು ಹತ್ತುವುದು, ಕುಡಾಳದಲ್ಲೋ ಕಣಕವಲಿಯಲ್ಲೋ ಇಳಿದು ಮಾಲ್ವಣಕ್ಕೆ ಹೋಗುವುದು, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಸಮುದ್ರಕ್ಕೆ ಇಳಿಯುವುದು, ಸೋಮವಾರ ಬೆಳಿಗ್ಗೆ ಮತ್ತೆ ಆಫೀಸು. ಇನ್ನೂ ಸ್ವಲ್ಪ ಉತ್ಸಾಹ ಇದ್ದವರು ಮುರುಡೇಶ್ವರದ ತನಕ ಹೋಗಿ ನೇತ್ರಾಣಿ ದ್ವೀಪದ ಹತ್ತಿರ ಮುಳುಗಿ ಬರುತ್ತಾರೆ. (ಈ ನೇತ್ರಾಣಿ ಒಂದು ಕಾಲದಲ್ಲಿ ನೌಕಾಪಡೆಯ ಗುಂಡಿನ ಅಭ್ಯಾಸಕ್ಕೆ ಗುರಿಯಾಗಿದ್ದ ದ್ವೀಪ. ಈಗ ಅಲ್ಲಿ ಮೀನು ನೋಡಲು ಜನ ದುಡ್ಡು ಕೊಟ್ಟು ಹೋಗುತ್ತಾರೆ.) ನಾವು ಆ ವಯಸ್ಸಿನಲ್ಲಿ ಗಣಪತಿ ಬಿಡಲು ಮೊಣಕಾಲುದ್ದ ನೀರಿಗೆ ಇಳಿದರೂ ಅಮ್ಮ ದಡದಿಂದ ಕೂಗುತ್ತಿದ್ದಳು. ಇರಲಿ.

ಅಂಥ ಹುಡುಗರಲ್ಲಿ ನನ್ನ ಅಕ್ಕನ ಮಗನೂ ಒಬ್ಬ. ಐರೋಲಿಯಲ್ಲಿ ಕೆಲಸ. ಮೊನ್ನೆ ಫೋನ್ ಮಾಡಿ, "ಮಾಮಾ, ನಾನು ಡೈವಿಂಗ್ ಮಾಡ್ತೀನಲ್ಲ, ವರ್ಷಕ್ಕೊಂದು ಸಲ ಹೈಪರ್‌ಬ್ಯಾರಿಕ್ ಚೇಂಬರಿನಲ್ಲಿ ಹತ್ತು ಸಿಟ್ಟಿಂಗ್ ತಗೋಬೇಕಂತೆ. ರಕ್ತದಲ್ಲಿ ಕೂತ ನೈಟ್ರೋಜನ್ ಎಲ್ಲ ತೊಳೆದುಹೋಗತ್ತಂತೆ. ಮುಂದೆ ಬೆಂಡ್ಸ್ ಆಗೋದೇ ಇಲ್ಲವಂತೆ" ಅಂದ. ಯಾರು ಹೇಳಿದರು ಎಂದರೆ ಪ್ಯಾಕೇಜ್ ಮಾರುವವರೇ. ಅವರ ಹೆಸರು ಇಲ್ಲಿ ಬೇಡ. ಪ್ಯಾಕೇಜಿನ ಬೆಲೆ ಕೇಳಿದರೆ ಅವನ ಮನೆ ಸಾಲದ ಒಂದು ಕಂತಿಗಿಂತ ಜಾಸ್ತಿ!

ನಾನು ವೈದ್ಯನಲ್ಲ. ಬಿ.ಕಾಂ ಮುಗಿಸಿ ಬ್ಯಾಂಕಿಗೆ ಸೇರಿ, ಅಲ್ಲೇ ಕೂದಲು ಬೆಳ್ಳಗಾದವನು. ಆದರೆ ಬ್ಯಾಂಕಿನವರಿಗೆ ಒಂದು ಅಭ್ಯಾಸ ಇರುತ್ತದೆ. ಎದುರಿಗೆ ಕೂತವನು ಎಷ್ಟೇ ಚೆನ್ನಾಗಿ ಮಾತಾಡಲಿ, ಮಂಜೂರು ಮಾಡುವ ಮೊದಲು ಹಳೇ ಫೈಲು ತರಿಸಿ ಓದುತ್ತೇವೆ. ಈ ಒತ್ತಡದ ಕೋಣೆಯ ಫೈಲು ತೆಗೆದರೆ ಅದು ನೂರೆಂಬತ್ತು ವರ್ಷಕ್ಕೂ ಹಳೆಯದು. ತಮಾಷೆ ಎಂದರೆ ಅದರ ಮೊದಲ ಅರ್ಧದಲ್ಲಿ ಮೀನು ನೋಡಲು ಹೋದವರು ಯಾರೂ ಇಲ್ಲ. ಇರುವವರೆಲ್ಲ ಕೂಲಿಗಳು.

1841ರ ಸುಮಾರಿಗೆ ಫ್ರಾನ್ಸಿನಲ್ಲಿ ಟ್ರಿಜೇ ಎಂಬ ಗಣಿ ಇಂಜಿನಿಯರ್ ಒಂದು ಉಪಾಯ ಮಾಡಿದ. ಲ್ವಾರ್ ನದಿಯ ಮರಳಿನ ಕೆಳಗೆ ಕಲ್ಲಿದ್ದಲು ಇದೆ, ಆದರೆ ಬಾವಿ ತೋಡಿದರೆ ನೀರು ನುಗ್ಗುತ್ತದೆ. ಅವನು ಕಬ್ಬಿಣದ ದೊಡ್ಡ ಕೊಳವೆ ಇಳಿಸಿ, ಒಳಗೆ ಪಂಪಿನಿಂದ ಗಾಳಿ ತುಂಬಿ, ಆ ಗಾಳಿಯ ಒತ್ತಡದಿಂದಲೇ ನೀರನ್ನು ಹೊರಗೆ ತಡೆದ. ಒಳಗೆ ಆಳುಗಳು ಒಣಕಾಲಿನಲ್ಲಿ ಕೆಲಸ ಮಾಡಿದರು. ಕೆಲಸ ಮುಗಿಸಿ ಹೊರಗೆ ಬಂದ ಮೇಲೆ ಕೆಲವರಿಗೆ ಕೈಕಾಲಿನ ಸಂದುಗಳಲ್ಲಿ ವಿಪರೀತ ನೋವು. 1854ರಲ್ಲಿ ಪೋಲ್ ಮತ್ತು ವಾಟೆಲ್ ಎಂಬ ಇಬ್ಬರು ವೈದ್ಯರು ಇಂಥ ಕೆಲಸಗಾರರನ್ನು ನೋಡಿ ಬರೆದದ್ದರ ಸಾರಾಂಶ ಇಷ್ಟು: ಒಳಗೆ ಹೋಗುವುದಕ್ಕೆ ಶುಲ್ಕ ಇಲ್ಲ, ಬಿಲ್ಲು ಬರುವುದು ಹೊರಗೆ ಬರುವಾಗ. ಮತ್ತೆ ಒತ್ತಡದ ಗಾಳಿಯೊಳಗೆ ಕಳಿಸಿದರೆ ನೋವು ಇಳಿಯುತ್ತದೆ ಎಂಬುದನ್ನೂ ಅವರು ಗಮನಿಸಿದರು. ಇಂದಿನ ಚೇಂಬರ್ ಚಿಕಿತ್ಸೆಯ ಬೀಜ ಅಲ್ಲಿದೆ.

ಆಮೇಲೆ ಸೇತುವೆಗಳ ಕಾಲ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಮಿಸಿಸಿಪ್ಪಿ ನದಿಗೆ ಈಡ್ಸ್ ಸೇತುವೆ ಕಟ್ಟುವಾಗ (ಅದು 1874ರಲ್ಲಿ ಮುಗಿಯಿತು) ಹನ್ನೆರಡಕ್ಕೂ ಹೆಚ್ಚು ಜನ ಈ ರೋಗದಿಂದ ಸತ್ತರು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯಲ್ಲಿ ಮುಖ್ಯ ಇಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್‌ಗೇ 1872ರಲ್ಲಿ ಬಡಿಯಿತು. ಆತ ಆಮೇಲೆ ವರ್ಷಗಟ್ಟಲೆ ಮನೆಯ ಕಿಟಕಿಯಿಂದ ದುರ್ಬೀನಿನಲ್ಲಿ ಕೆಲಸ ನೋಡುತ್ತಿದ್ದ, ಹೆಂಡತಿ ಎಮಿಲಿ ದಿನಾ ಸೈಟಿಗೆ ಹೋಗಿ ಅವನ ಮಾತನ್ನು ಇಂಜಿನಿಯರುಗಳಿಗೆ ಮುಟ್ಟಿಸುತ್ತಿದ್ದಳು. 1883ರಲ್ಲಿ ಸೇತುವೆ ತೆರೆಯುವ ಹೊತ್ತಿಗೆ ಅರ್ಧ ಇಂಜಿನಿಯರಿಂಗ್ ಅವಳಿಗೇ ಬಂದಿತ್ತು. ಅಲ್ಲಿನ ವೈದ್ಯ ಆಂಡ್ರ್ಯೂ ಸ್ಮಿತ್ ರೋಗಕ್ಕೆ 'ಕೇಸನ್ ರೋಗ' ಎಂದು ಹೆಸರಿಟ್ಟ, ರೋಗಿಯನ್ನು ಮತ್ತೆ ಒತ್ತಡಕ್ಕೆ ಒಳಪಡಿಸುವ ಕೋಣೆ ಬೇಕು ಎಂದೂ ಬರೆದ. ಆದರೆ ಆ ಸೇತುವೆಯಲ್ಲಿ ಅಂಥ ಕೋಣೆ ಬಳಕೆಗೆ ಬರಲಿಲ್ಲ. ಕೂಲಿಗಳು ನೋವಿನಿಂದ ಮುಂದಕ್ಕೆ ಬಾಗಿ ನಡೆಯುತ್ತಿದ್ದುದನ್ನು ನೋಡಿ ಜೊತೆಯವರೇ ಆಡಿಕೊಂಡ ಹೆಸರು 'ಬೆಂಡ್ಸ್'. ಆಗಿನ ಶ್ರೀಮಂತ ಹೆಂಗಸರು ಫ್ಯಾಷನ್ನಿಗಾಗಿ ಹಾಗೆ ಬಾಗಿ ನಡೆಯುತ್ತಿದ್ದರಂತೆ, ಅದರ ಅಣಕ ಇದು. ಬಡವನ ನೋವಿಗೆ ಶ್ರೀಮಂತರ ಫ್ಯಾಷನ್ನಿನ ಹೆಸರು!

ಕಾರಣ ಏನೆಂದು ಸ್ಪಷ್ಟವಾಗಿ ತೋರಿಸಿದವನು ಪಾಲ್ ಬೇರ್ ಎಂಬ ಫ್ರೆಂಚ್ ವಿಜ್ಞಾನಿ, 1878ರಲ್ಲಿ. ನಾವು ಉಸಿರಾಡುವ ಗಾಳಿಯಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ನೈಟ್ರೋಜನ್. ಒತ್ತಡ ಹೆಚ್ಚಾದರೆ ಅದು ರಕ್ತಕ್ಕೂ ಮಾಂಸಖಂಡಕ್ಕೂ ಕೊಬ್ಬಿಗೂ ಹೆಚ್ಚು ಹೆಚ್ಚು ಕರಗುತ್ತದೆ. ಒತ್ತಡ ಫಕ್ಕನೆ ಇಳಿದರೆ ಸೋಡಾ ಬಾಟ್ಲಿಯ ಮುಚ್ಚಳ ತೆಗೆದ ಹಾಗೆ ಗುಳ್ಳೆ ಏಳುತ್ತದೆ. ಶುದ್ಧ ಆಮ್ಲಜನಕವೂ ಹೆಚ್ಚು ಒತ್ತಡದಲ್ಲಿ ವಿಷವಾಗಿ ಫಿಟ್ಸ್ ತರಿಸುತ್ತದೆ ಎಂದು ತೋರಿಸಿದವನೂ ಅವನೇ. ಈ ಎರಡನೇ ಮಾತನ್ನು ಪ್ಯಾಕೇಜ್ ಮಾರುವವರು ಹೇಳುವುದಿಲ್ಲ.

ಕೋಣೆ ನಿಜವಾಗಿ ಬಂದದ್ದು 1889-90ರಲ್ಲಿ. ನ್ಯೂಯಾರ್ಕಿನಲ್ಲಿ ಹಡ್ಸನ್ ನದಿಯ ಕೆಳಗೆ ಸುರಂಗ ಕೊರೆಯುವ ಕೆಲಸ. ಅಲ್ಲಿ ಆಳುಗಳು ವರ್ಷಕ್ಕೆ ನೂರಕ್ಕೆ 25ರ ಲೆಕ್ಕದಲ್ಲಿ ಸಾಯುತ್ತಿದ್ದರು. ಅರ್ನೆಸ್ಟ್ ಮಾಯ್ರ್ ಎಂಬ ಇಂಜಿನಿಯರ್ (ಗಮನಿಸಿ, ಇವನೂ ವೈದ್ಯನಲ್ಲ) ಬಾಯ್ಲರಿನಂಥ ಒಂದು ಕಬ್ಬಿಣದ ಕೋಣೆ ಇಡಿಸಿ, ನೋವು ಬಂದವರನ್ನು ಅದರೊಳಗೆ ಮಲಗಿಸಿ, ಒತ್ತಡ ಏರಿಸಿ, ಮೆಲ್ಲಗೆ ಇಳಿಸಿದ. ಸಾವು ನೂರಕ್ಕೆ ಎರಡಕ್ಕಿಂತ ಕೆಳಗೆ ಬಂತು. ಹೇಳಬೇಕಾದ ಮಾತೆಂದರೆ ಅವನು ಕೋಣೆಗೆ ಹಾಕಿದ್ದು ನೋವು ಬಂದವರನ್ನು.

ಆದರೆ ರೋಗ ಬಾರದ ಹಾಗೆ ನೋಡಿಕೊಳ್ಳುವುದು ಹೇಗೆ? ಅದಕ್ಕೆ ಉತ್ತರ ಕೊಟ್ಟವನು ಸ್ಕಾಟ್ಲೆಂಡಿನ ಜೆ.ಎಸ್. ಹಾಲ್ಡೇನ್. ಬ್ರಿಟಿಷ್ ನೌಕಾಪಡೆ ಕೇಳಿಕೊಂಡ ಮೇಲೆ ಅವನು ಆಡುಗಳ ಮೇಲೆ ಪ್ರಯೋಗ ಮಾಡಿದ. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತೇವೆ, ಹಾಲ್ಡೇನ್ ಅವಕ್ಕೆ ಸಮುದ್ರದ ತಳವನ್ನೂ ಮುಟ್ಟಿಸಿದ, ಅದೂ ಉಕ್ಕಿನ ಕೋಣೆಯೊಳಗೇ. ಆಡಿಗೆ ನೋವಾದರೆ ಮುಂಗಾಲು ಎತ್ತಿ ಹಿಡಿಯುತ್ತದೆ, ಹಾಗಾಗಿ ಕೇಳದೆಯೇ ತಿಳಿಯುತ್ತದೆ. ಬಾಯ್ಕಾಟ್ ಮತ್ತು ಡಾಮಂಟ್ ಜೊತೆ ಸೇರಿ 1908ರಲ್ಲಿ ಅವನು ಪ್ರಕಟಿಸಿದ ಪಟ್ಟಿ ಹೇಳುವುದು ಸರಳ: ಇಂತಿಷ್ಟು ಆಳದಲ್ಲಿ ಇಂತಿಷ್ಟು ಹೊತ್ತು ಇದ್ದರೆ, ಮೇಲೆ ಬರುವಾಗ ಇಂತಿಂಥ ಕಡೆ ಇಂತಿಷ್ಟು ನಿಮಿಷ ನಿಲ್ಲು. ಸಾಲ ತೀರಿಸುವ ಕಂತಿನ ಪಟ್ಟಿ ಇದ್ದ ಹಾಗೆಯೇ. ಇವತ್ತು ಹುಡುಗರ ಕೈಗಡಿಯಾರದಲ್ಲಿ ಇರುವ ಡೈವ್ ಕಂಪ್ಯೂಟರ್ ಕೂಡ ಆ ಆಡುಗಳ ವಂಶದ್ದೇ.

ಇದು ಅರ್ಥವಾಗದಿದ್ದರೆ ನಮ್ಮ ಬದ್ಲಾಪುರ ಲೋಕಲ್ ನೆನೆಸಿಕೊಳ್ಳಿ. ಅಂಬರನಾಥ, ಉಲ್ಲಾಸನಗರ, ಕಲ್ಯಾಣ್, ಡೊಂಬಿವಿಲಿ, ಪ್ರತಿ ಸ್ಟೇಷನ್ನಿನಲ್ಲೂ ಜನ ಹತ್ತುತ್ತಾರೆ. ಥಾಣೆ ಬರುವ ಹೊತ್ತಿಗೆ ಕೈ ಎತ್ತಲು ಜಾಗ ಇಲ್ಲ. ಆದರೂ ಒಳಗಿರುವವರು ಹೇಗೋ ಸುಧಾರಿಸಿಕೊಂಡಿರುತ್ತಾರೆ. ಘಾಟ್‌ಕೋಪರ್, ಕುರ್ಲಾ, ದಾದರ್ ಎಂದು ಒಂದೊಂದು ಕಡೆ ಒಂದಿಷ್ಟು ಜನ ಇಳಿದರೆ ಸಿಎಸ್‌ಎಂಟಿಯಲ್ಲಿ ಗಾಡಿ ತಾನಾಗಿ ಖಾಲಿ. ಎಲ್ಲರೂ ಒಂದೇ ನಿಮಿಷದಲ್ಲಿ ಒಂದೇ ಬಾಗಿಲಿನಿಂದ ನುಗ್ಗಿದರೆ ಮಾತ್ರ ಅನಾಹುತ. ನೈಟ್ರೋಜನ್ನಿನ ಕಥೆಯೂ ಇಷ್ಟೇ. ಮೆಲ್ಲಗೆ ಮೇಲೆ ಬಂದರೆ ಅದು ಉಸಿರಿನ ಜೊತೆ ತಾನೇ ಹೊರಟುಹೋಗುತ್ತದೆ, ಉಳಿದದ್ದು ಒಂದು ದಿನದ ಆಸುಪಾಸಿನಲ್ಲಿ. ಖಾಲಿಯಾಗಿ ಕಾರ್‌ಶೆಡ್ ಸೇರಿದ ಗಾಡಿಯಿಂದ ಮೂರು ತಿಂಗಳ ಮೇಲೆ ಯಾರನ್ನು ಇಳಿಸುತ್ತೀರಿ? ವರ್ಷಕ್ಕೊಮ್ಮೆ 'ತೊಳೆಸುವ' ಮಾತು ಇಲ್ಲೇ ಬಿದ್ದುಹೋಗುತ್ತದೆ. ಇನ್ನು ಚೇಂಬರಿನಲ್ಲಿ ಆಮ್ಲಜನಕದ ಬದಲು ಬರೀ ಗಾಳಿ ಒತ್ತಿ ಕೂರಿಸಿದರಂತೂ ಅದು ಇನ್ನೊಂದು ಸಲ ಮುಳುಗಿದ ಹಾಗೆ. ನೈಟ್ರೋಜನ್ ಇನ್ನಷ್ಟು ಹತ್ತುತ್ತದೆ!

ಹಾಗಾದರೆ ರೋಗ ಇಲ್ಲದೆಯೂ ನಿಯಮಿತವಾಗಿ ಚೇಂಬರಿಗೆ ಹೋಗುವ ಡೈವರುಗಳು ಇಲ್ಲವೇ? ಇದ್ದಾರೆ. ಈ ಗೊಂದಲದ ಮೂಲವೂ ಅಲ್ಲೇ ಇರಬೇಕು ಎಂದು ನನ್ನ ಅನಿಸಿಕೆ. 1974ರಲ್ಲಿ ಬಾಂಬೆ ಹೈಯಲ್ಲಿ ಎಣ್ಣೆ ಸಿಕ್ಕಿತಲ್ಲ, ಅಂಥ ಕಡೆ ಸಮುದ್ರದೊಳಗಿನ ಪೈಪು, ಕಂಬ ನೋಡಲು ವೃತ್ತಿಪರ ಡೈವರುಗಳು ಬೇಕು. ಅವರು ಆಳದಲ್ಲಿ ತಾಸುಗಟ್ಟಲೆ ದುಡಿಯುವವರು. ಮೇಲೆ ಬರುವಾಗ ನೀರಿನಲ್ಲೇ ಪೂರ್ತಿ ಹೊತ್ತು ನೇತಾಡುವ ಬದಲು ಬೇಗ ಹಡಗಿಗೆ ಬಂದು, ಐದು ನಿಮಿಷದೊಳಗೆ ಅಟ್ಟದ ಮೇಲಿನ ಚೇಂಬರ್ ಸೇರಿ, ಉಳಿದ ಕಂತನ್ನು ಅಲ್ಲಿ ಆಮ್ಲಜನಕ ಉಸಿರಾಡುತ್ತ ತೀರಿಸುವ ಪದ್ಧತಿ ಅವರ ವೃತ್ತಿಯಲ್ಲಿ ಇದೆ. ಇನ್ನೂ ಆಳಕ್ಕೆ ಹೋಗುವವರು ವಾರಗಟ್ಟಲೆ ಒತ್ತಡದ ಕೋಣೆಯಲ್ಲೇ ಊಟ, ನಿದ್ದೆ ಮಾಡಿ, ಕೊನೆಗೆ ಒಂದೇ ಸಲ ದಿನಗಟ್ಟಲೆ ಸಮಯ ತೆಗೆದುಕೊಂಡು ಹೊರಗೆ ಬರುತ್ತಾರೆ. ಇವರಿಗೆ ಚೇಂಬರ್ ಎಂದರೆ ಮುಳುಗುವ ಕೆಲಸದ್ದೇ ಕೊನೆಯ ಭಾಗ. ಮೇಲಾಗಿ ಇಂಥವರಲ್ಲಿ, ಸುರಂಗದ ಆಳುಗಳಲ್ಲಿ, ವರ್ಷಗಳ ಮೇಲೆ ಸೊಂಟ, ಭುಜದ ಎಲುಬು ಸಾಯುವ ತೊಂದರೆ ಕಂಡಿದೆ. ಮೋಜಿಗೆ ಮುಳುಗುವವರಲ್ಲಿ ಅದು ಅಪರೂಪ.

ನಮ್ಮ ದೇಶದ ಕೂಲಿಗಳಿಗೂ ಇದು ಹೊಸದಲ್ಲ. 1943ರಲ್ಲಿ ತೆರೆದ ಕಲ್ಕತ್ತೆಯ ಹೌರಾ ಸೇತುವೆಯ ಬುನಾದಿ ಇಳಿಸುವಾಗ ಒತ್ತಡದ ಗಾಳಿಯಲ್ಲಿ ಜನ ದುಡಿದಿದ್ದಾರೆ. ಅಷ್ಟು ದೂರ ಯಾಕೆ, ನಮ್ಮ ಡೊಂಬಿವಿಲಿಯ ಹತ್ತಿರದ ಶಿಳ್‌ಫಾಟಾದಿಂದ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿಗೆ ಬುಲೆಟ್ ಟ್ರೇನಿನ 21 ಕಿಲೋಮೀಟರ್ ಸುರಂಗದ ಯೋಜನೆ ಹಾಕಿದ್ದಾರಲ್ಲ, ಅದರ 7 ಕಿಲೋಮೀಟರ್ ಥಾಣೆ ಖಾಡಿಯ ಕೆಳಗೆ. ನೀರಿನ ಕೆಳಗೆ ಕೊರೆಯುವ ಇಂಥ ಯಂತ್ರಗಳ ಹಲ್ಲು ಸವೆದಾಗ, ಅದನ್ನು ಬದಲಿಸಲು ಮನುಷ್ಯರು ಒತ್ತಡದ ಗಾಳಿಯೊಳಗೆ ಹೋಗಬೇಕಾಗುತ್ತದೆ. ಅದೇ ಟ್ರಿಜೇಯ ಬಾಗಿಲು, ಅದೇ ಲೆಕ್ಕ. ವಾಶಿಯ ಸೇತುವೆ ದಾಟುವಾಗ ಖಾಡಿ ನೋಡುತ್ತ ನನಗೆ ಅನಿಸುವುದು, ಚೇಂಬರಿನ ಬಗ್ಗೆ ಯಾರಾದರೂ ತಲೆ ಕೆಡಿಸಿಕೊಳ್ಳುವುದಿದ್ದರೆ ಇವರ ಬಗ್ಗೆ ಕೆಡಿಸಿಕೊಳ್ಳಲಿ.

ಈಗ ಅಕ್ಕನ ಮಗನ ಲೆಕ್ಕಕ್ಕೆ ಬರೋಣ. 'ಪಾಡಿ' ಎಂಬ ತರಬೇತಿ ಸಂಸ್ಥೆಯ ಪಟ್ಟಿ ಪ್ರಕಾರ 12 ಮೀಟರ್ ಆಳದಲ್ಲಿ ದಿನದ ಮೊದಲ ಮುಳುಗಿಗೆ, ನಡುವೆ ಎಲ್ಲೂ ನಿಲ್ಲದೆ ಮೇಲೆ ಬರಬಹುದಾದ ಮಿತಿ 147 ನಿಮಿಷ. 18 ಮೀಟರಿನಲ್ಲಿ 56 ನಿಮಿಷ. ಮೊದಲ ಸಲ ಕೈಹಿಡಿದು ಕರೆದೊಯ್ಯುವ ಪ್ರವಾಸಿಗಳನ್ನು 12 ಮೀಟರಿಗಿಂತ ಕೆಳಗೆ ಒಯ್ಯುವಂತೆಯೇ ಇಲ್ಲ, ಅವರು ನೀರೊಳಗೆ ಇರುವುದೂ ಅರ್ಧ ತಾಸಿನ ಒಳಗೆ. 147 ರೂಪಾಯಿ ಲಿಮಿಟ್ ಇರುವ ಖಾತೆಯಲ್ಲಿ 20 ರೂಪಾಯಿ ತೆಗೆದವನಿಗೆ ವಸೂಲಿ ನೋಟಿಸು ಕಳಿಸುವುದುಂಟೇ? ಸರ್ಟಿಫಿಕೇಟ್ ಪಡೆದು 30-40 ಮೀಟರ್ ತನಕ ಹೋಗುವವರಿಗೆ ಮಿತಿ ಚಿಕ್ಕದು, ಎಚ್ಚರ ಜಾಸ್ತಿ ಬೇಕು, ನಿಜ. ಅವರಿಗೂ ಹೇಳಿಕೊಡುವುದು ನಿಧಾನ ಏರಿಕೆ, 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲುವುದು, ಎರಡು ಮುಳುಗಿನ ನಡುವೆ ಬಿಡುವು. ಮೋಜಿನ ಡೈವಿಂಗಿನಲ್ಲಿ ಬೆಂಡ್ಸ್ ಆಗುವ ಪ್ರಮಾಣ ಸಾಮಾನ್ಯವಾಗಿ 10,000 ಮುಳುಗಿಗೆ ಎರಡರಿಂದ ನಾಲ್ಕು ಎಂದು ಲೆಕ್ಕ ಹಾಕುತ್ತಾರೆ.

ಪ್ಯಾಕೇಜಿನವರ ಪರವಾಗಿಯೂ ಒಂದು ಮಾತು ಇದೆ, ಅದನ್ನು ಮುಚ್ಚಿಡಬಾರದು. 1970ರ ದಶಕದಲ್ಲಿ ಡಾಪ್ಲರ್ ಯಂತ್ರ ಎದೆಗೆ ಹಿಡಿದು ಕೇಳಿದಾಗ, ನಿಯಮ ಪ್ರಕಾರ ಮುಳುಗಿ ಯಾವ ನೋವೂ ಇಲ್ಲದೆ ಎದ್ದುಬಂದ ಡೈವರುಗಳ ರಕ್ತದಲ್ಲೂ ಗುಳ್ಳೆಗಳು ಕೇಳಿಸಿದವು. 'ಮೌನ ಗುಳ್ಳೆ' ಎನ್ನುತ್ತಾರೆ. ಹಾಗಾದರೆ ಎಲ್ಲರಿಗೂ ಸ್ವಲ್ಪ ರೋಗ ಇದೆ ಎಂದೇ? ಅಲ್ಲ. ಸಿರೆಯ ರಕ್ತದ ಆ ಸಣ್ಣ ಗುಳ್ಳೆಗಳನ್ನು ಶ್ವಾಸಕೋಶ ಸೋಸಿ ಉಸಿರಿನಲ್ಲಿ ಬಿಡುತ್ತದೆ. ನಾಲ್ಕರಲ್ಲಿ ಒಬ್ಬರಿಗೆ ಹುಟ್ಟಿನಿಂದ ಹೃದಯದ ಗೋಡೆಯಲ್ಲಿ ಪೂರ್ತಿ ಮುಚ್ಚದ ಸಣ್ಣ ಕಿಂಡಿ ಇರುತ್ತದೆ, ಅದರ ಮೂಲಕ ಗುಳ್ಳೆ ಆಚೆ ದಾಟಿದರೆ ತೊಂದರೆ ಆದೀತು. ಅಂಥವರಿಗೂ ಬಲ್ಲವರು ಹೇಳುವುದು ಆಳ ಕಡಿಮೆ ಮಾಡು, ಹೊತ್ತು ಕಡಿಮೆ ಮಾಡು ಎಂದೇ. ಮುಳುಗುವ ಮೊದಲು ಆಮ್ಲಜನಕ ಉಸಿರಾಡಿದರೆ ಗುಳ್ಳೆ ಕಡಿಮೆ ಆಗುತ್ತದೆ ಎಂದು ತೋರಿಸಿದ ಪ್ರಯೋಗಗಳೂ ಇವೆ. ಆದರೆ ಅದು ಮುಳುಗುವ ದಿನದ ಮಾತು, ಡೊಂಬಿವಿಲಿಯಲ್ಲಿ ಕೂತು ಹತ್ತು ಸಿಟ್ಟಿಂಗ್ ಮುಗಿಸಿ ಮುಂದಿನ ದೀಪಾವಳಿಗೆ ಮುಳುಗುವ ಮಾತಲ್ಲ. ಚೇಂಬರ್ ಚಿಕಿತ್ಸೆ ಯಾವುದಕ್ಕೆಲ್ಲ ಎಂದು ಆ ಕ್ಷೇತ್ರದ ವೈದ್ಯರ ಸಂಘಗಳು ಪಟ್ಟಿ ಮಾಡಿವೆ. ಬೆಂಡ್ಸ್ ಇದೆ, ಕಾರ್ಬನ್ ಮಾನಾಕ್ಸೈಡ್ ವಿಷ ಇದೆ, ಸಕ್ಕರೆ ಕಾಯಿಲೆಯವರ ವಾಸಿಯಾಗದ ಕಾಲಿನ ಹುಣ್ಣು ಇದೆ. ಆರೋಗ್ಯವಾಗಿರುವ ಡೈವರಿನ ವಾರ್ಷಿಕ ಸರ್ವಿಸಿಂಗ್ ಅದರಲ್ಲಿ ಇಲ್ಲ.

ಒತ್ತಡದ ಕೋಣೆಯನ್ನು ಎಲ್ಲದಕ್ಕೂ ಮಾರುವುದು ಹೊಸ ವ್ಯಾಪಾರವೂ ಅಲ್ಲ. 19ನೇ ಶತಮಾನದಲ್ಲೇ ಯುರೋಪಿನಲ್ಲಿ ಶ್ರೀಮಂತರು 'ಗಾಳಿ ಸ್ನಾನ'ಕ್ಕೆ ಹೋಗುತ್ತಿದ್ದರು. 1928ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಕನಿಂಗ್‌ಹ್ಯಾಮ್ ಎಂಬ ಡಾಕ್ಟರ್ 64 ಅಡಿ ಅಗಲದ, ಐದು ಅಂತಸ್ತಿನ ಉಕ್ಕಿನ ಚೆಂಡನ್ನೇ ಆಸ್ಪತ್ರೆ ಮಾಡಿದ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಎಲ್ಲಕ್ಕೂ ಅದೇ ಮದ್ದು ಎಂದ. ದುಡ್ಡು ಹಾಕಿದ್ದು ಬೇರಿಂಗ್ ತಯಾರಿಸುವ ಟಿಮ್ಕೆನ್ ಮನೆತನದ ಸಾಹುಕಾರ. ಅಲ್ಲಿನ ವೈದ್ಯರ ಸಂಘ ಪುರಾವೆ ಕೊಡಿ ಎಂದು ಕೇಳುತ್ತಲೇ ಇತ್ತು, ಅವನು ಕೊಡಲಿಲ್ಲ. ಕೊನೆಗೆ 1942ರಲ್ಲಿ ಯುದ್ಧಕ್ಕೆ ಉಕ್ಕು ಬೇಕೆಂದು ಆ ಚೆಂಡನ್ನು ಒಡೆದು ಗುಜರಿಗೆ ಹಾಕಿದರು. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಆಸ್ತಿಯಿಂದ ವಸೂಲಾದದ್ದು ಅಷ್ಟೇ.

"ಹೋಗಲಿ ಮಾಮಾ, ತಗೊಂಡರೆ ನಷ್ಟ ಏನು?" ಎಂದ ಹುಡುಗ. ನಷ್ಟ ದುಡ್ಡಿನದು ಮಾತ್ರ ಅಲ್ಲ. ಕಿವಿಗೆ ಪೆಟ್ಟಾಗುತ್ತದೆ, ಬಹಳ ಸಿಟ್ಟಿಂಗ್ ಆದರೆ ಕೆಲವು ಕಾಲ ದೃಷ್ಟಿ ಮಂದವಾಗುತ್ತದೆ, ಅಪರೂಪಕ್ಕೆ ಫಿಟ್ಸ್. ಆಮ್ಲಜನಕ ತುಂಬಿದ ಕೋಣೆಗೆ ಕಿಡಿ ಬಿದ್ದರೆ ಮುಗಿಯಿತು. 1997ರ ಅಕ್ಟೋಬರ್ 31ರಂದು ಇಟಲಿಯ ಮಿಲಾನ್ ನಗರದ ಆಸ್ಪತ್ರೆಯೊಂದರ ಚೇಂಬರಿನಲ್ಲಿ ಬೆಂಕಿ ಬಿದ್ದು 11 ಜನ ಹೋದರು. 2025ರ ಜನವರಿಯಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಐದು ವರ್ಷದ ಮಗು ಇಂಥ ಬೆಂಕಿಯಲ್ಲಿ ಸತ್ತಿತು. ನಿಜವಾದ ರೋಗಿಗೆ ಈ ಅಪಾಯ ತೆಗೆದುಕೊಳ್ಳುವುದರಲ್ಲಿ ಅರ್ಥ ಇದೆ.

ಅದಕ್ಕಿಂತ ನನಗೆ ಹೆದರಿಕೆ ಇನ್ನೊಂದು. ಪ್ಯಾಕೇಜ್ ಮುಗಿಸಿದವನು "ನನಗೆ ಬೆಂಡ್ಸ್ ಆಗುವುದೇ ಇಲ್ಲ" ಎಂದು ನಂಬಿಬಿಡುತ್ತಾನೆ. ಮುಳುಗಿ ಬಂದ ಸಂಜೆ ಭುಜ ನೋಯುತ್ತದೆ, ಕಾಲು ಜುಮುಜುಮು ಎನ್ನುತ್ತದೆ, ಮೂತ್ರ ಕಟ್ಟುತ್ತದೆ, ತಲೆ ಸುತ್ತುತ್ತದೆ. ಸಿಲಿಂಡರ್ ಹೊತ್ತದ್ದಕ್ಕೆ ಇರಬೇಕು ಎಂದು ನೋವಿನ ಮುಲಾಮು ತಿಕ್ಕಿ ಮಲಗುತ್ತಾನೆ. ಚೇಂಬರ್ ಬೇಕಾಗಿರುವುದು ಆಗ! ಬಹುತೇಕ ಲಕ್ಷಣಗಳು ಮೊದಲ ಕೆಲವು ತಾಸುಗಳಲ್ಲೇ, ಹೆಚ್ಚೆಂದರೆ ಒಂದು ದಿನದೊಳಗೆ ಕಾಣಿಸುತ್ತವೆ. ಕೂಡಲೇ ಮಲಗಿಸಿ ಶುದ್ಧ ಆಮ್ಲಜನಕ ಕೊಡಬೇಕು, ಡೈವಿಂಗ್ ಬಲ್ಲ ವೈದ್ಯರನ್ನು ಹಿಡಿಯಬೇಕು, ಮತ್ತೆ ನೀರಿಗೆ ಇಳಿಸಬಾರದು. ಚೇಂಬರಿನಲ್ಲಿ ಸಾಮಾನ್ಯವಾಗಿ ಅಮೆರಿಕನ್ ನೌಕಾಪಡೆಯ 6ನೇ ಪಟ್ಟಿ ಅನುಸರಿಸುತ್ತಾರೆ. 1960ರ ದಶಕದಲ್ಲಿ ಮಾಡಿದ್ದು: 18 ಮೀಟರ್ ನೀರಿನ ಒತ್ತಡದಿಂದ ಶುರು, ಆಮ್ಲಜನಕ, ಒಟ್ಟು ನಾಲ್ಕು ಮುಕ್ಕಾಲು ತಾಸು. ಮುಂಬಯಿಯಲ್ಲಿ ಇದರಲ್ಲಿ ಪಳಗಿದವರು ಕೊಲಾಬಾದ ನೌಕಾಪಡೆಯ ಅಶ್ವಿನಿ ಆಸ್ಪತ್ರೆ ಮತ್ತು ಅದರ ಜೊತೆಗಿರುವ ನೌಕಾ ವೈದ್ಯಕೀಯ ಸಂಸ್ಥೆಯವರು. ಮಾಲ್ವಣದಿಂದ ಅದು ಒಂದು ರಾತ್ರಿಯ ದಾರಿ. ಆದ್ದರಿಂದ ದುಡ್ಡು ಕಟ್ಟುವ ಮೊದಲು ಬೋಟಿನವರನ್ನು ಕೇಳಬೇಕಾದ ಪ್ರಶ್ನೆ ಎರಡು: ಬೋಟಿನಲ್ಲಿ ಆಮ್ಲಜನಕದ ಸಿಲಿಂಡರ್ ಇದೆಯೇ, ಹೆಚ್ಚುಕಮ್ಮಿ ಆದರೆ ಯಾವ ಚೇಂಬರಿಗೆ ಒಯ್ಯುತ್ತೀರಿ? ಉತ್ತರ ತಡವರಿಸಿದರೆ ದಡದಲ್ಲಿ ಕೂತು ಸೋಲ್‌ಕಡಿ ಕುಡಿದು ಬನ್ನಿ.

ಇನ್ನೊಂದು ಅಪಾಯ ಬೆಂಡ್ಸ್ ಅಲ್ಲವೇ ಅಲ್ಲ. ಹೆದರಿ ಉಸಿರು ಕಟ್ಟಿಕೊಂಡು ಮೇಲೆ ಬಂದರೆ ಶ್ವಾಸಕೋಶದ ಗಾಳಿ ಹಿಗ್ಗಿ ಅದು ಹರಿಯಬಹುದು, ಗಾಳಿ ನೇರ ಮಿದುಳಿಗೆ ಹೋಗಬಹುದು. ಇದಕ್ಕೆ ಈಜುಕೊಳದ ಆಳವೇ ಸಾಕು. ನೂರು ಸಿಟ್ಟಿಂಗ್ ಆದರೂ ಇದನ್ನು ತಡೆಯುವುದಿಲ್ಲ, ಉಸಿರು ಕಟ್ಟಬೇಡ ಎಂಬ ಒಂದು ಮಾತು ತಡೆಯುತ್ತದೆ. ಇನ್ನು ನನ್ನ ವಯಸ್ಸಿನವರು ಹುಡುಗರ ಜೊತೆ ಹುರುಪಿನಲ್ಲಿ ಇಳಿಯುವುದಾದರೆ ಆ ದುಡ್ಡಿನಲ್ಲಿ ಒಂದು ಇಸಿಜಿ, ಒಂದು ಸ್ಟ್ರೆಸ್ ಟೆಸ್ಟ್ ಮಾಡಿಸಿಕೊಳ್ಳಿ. ನೀರಿನಲ್ಲಿ ಸತ್ತ ನಡುವಯಸ್ಸಿನ ಡೈವರುಗಳಲ್ಲಿ ಹೃದಯ ಕೈಕೊಟ್ಟವರು ಕಡಿಮೆ ಏನಿಲ್ಲ.

ಊರಿಗೆ ಹೋಗುವ ನಮ್ಮವರಿಗಾಗಿ ಕೊನೆಯದೊಂದು. ಒಂದು ಸಲ ಮುಳುಗಿದವರು 12 ತಾಸು, ಹಲವು ಸಲ ಅಥವಾ ಹಲವು ದಿನ ಮುಳುಗಿದವರು 18 ತಾಸು ವಿಮಾನ ಹತ್ತಬಾರದು ಎಂಬ ಸಲಹೆ ಇದೆ. ಮೇಲೆ ಹೋದಷ್ಟೂ ಗಾಳಿಯ ಒತ್ತಡ ಕಡಿಮೆ, ಉಳಿದ ನೈಟ್ರೋಜನ್ ಗುಳ್ಳೆಯಾಗಲು ಅದು ಸಾಕು. ವಿಮಾನ ಸರಿ, ಘಟ್ಟ? ಸಲಹೆಯ ಲೆಕ್ಕ ಶುರುವಾಗುವುದೇ ಸುಮಾರು 600 ಮೀಟರ್ ಎತ್ತರದಿಂದ. ಮಾಲ್ವಣದಿಂದ ಬೆಳಗಾವಿಗೆ ಹೋಗುವ ದಾರಿಯ ಅಂಬೋಲಿ ಅದಕ್ಕಿಂತ ಎತ್ತರ. ನೇತ್ರಾಣಿಯಲ್ಲಿ ಮಧ್ಯಾಹ್ನ ಮುಳುಗಿ ರಾತ್ರಿ ಬಸ್ಸಿನಲ್ಲಿ ಘಟ್ಟ ಹತ್ತುವವರು ಬೆಳಿಗ್ಗೆ ಇಳಿಯುವ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲೆ. ಡೊಂಬಿವಿಲಿ, ಪನ್ವೇಲಿಗೆ ಕೊಂಕಣ ರೈಲಿನಲ್ಲಿ ಕರಾವಳಿ ಹಿಡಿದೇ ಬರುವ ನಮಗೆ ಈ ತಾಪತ್ರಯ ಇಲ್ಲ. ಅಕ್ಕನ ಮಗನಿಗೆ ಹೇಳಿದ್ದೇನೆ, ಪ್ಯಾಕೇಜ್ ಬೇಡ, ಬೆಂಗಳೂರಿನ ತಂಗಿಯನ್ನು ನೇತ್ರಾಣಿಗೆ ಕರೆದುಕೊಂಡು ಹೋಗುವುದಾದರೆ ವಾಪಸು ಟಿಕೆಟ್ ಮಾತ್ರ ಮರುದಿನದ್ದು ಮಾಡಿಸು ಎಂದು.